ಮೊದಲ ಮಿಳ್ಳೆ ತುಪ್ಪ ಮತ್ತು ಶೆಜ್ವಾನ್ ಖಾನಾವಳಿ

ಹಳ್ಳಿಖೇಡದ ಬಸವಣಪ್ಪನವರ ಮನೆಯಲ್ಲಿ ಹಬ್ಬದ ದಿನ ಮೊದಲ ಮಿಳ್ಳೆ ತುಪ್ಪ ಯಾರ ಹೋಳಿಗೆಯ ಮೇಲೆ ಬೀಳುತ್ತದೆ ಎಂಬುದು ಲೋಕದ ಕಣ್ಣಿಗೆ ಸಣ್ಣ ಸಂಗತಿ. ಆದರೆ ಲೋಕಕ್ಕೆ ಹಳ್ಳಿಖೇಡದಲ್ಲಿ ಮಾವನ ಮನೆ ಇಲ್ಲ. ಬಸವಕಲ್ಯಾಣದ ಭಾಂಡೆ-ಪಾತ್ರೆಗಳ ವ್ಯಾಪಾರಿ ಮಹಾರುದ್ರಪ್ಪನಿಗೆ ಇತ್ತು. ಮದುವೆಯಾದಂದಿನಿಂದ ಆ ಮೊದಲ ತುಪ್ಪ ಹಿರಿಯ ಅಳಿಯನಾದ ಅವನ ತಾಟಿಗೇ ಬೀಳುತ್ತ ಬಂದಿತ್ತು. ಅತ್ತೆ ಸುಂದರಬಾಯಿ ತುಪ್ಪದ ಮಿಳ್ಳೆ ಹಿಡಿದು ಅಡುಗೆಮನೆಯ ಹೊಸ್ತಿಲು ದಾಟಿದಳೆಂದರೆ ಮಹಾರುದ್ರಪ್ಪ ಎರಡೂ ಕೈ ತಾಟಿಗೆ ಅಡ್ಡ ಹಿಡಿದು "ಸಾಕ್ರಿ ಅತ್ತಿ, ಸಾಕ್ರಿ" ಅನ್ನುವನು. ಅವಳು ಕೇಳದೆ ಇನ್ನಷ್ಟು ಸುರಿಯುವಳು. ಕಿರಿಯ ಅಳಿಯ ನಾಗನಾಥ ಪಕ್ಕದಲ್ಲಿ ಕೂತು ತನ್ನ ಸರದಿಗೆ ಕಾಯುವನು. ತುಪ್ಪದಷ್ಟೇ ಆ ಕಾಯುವಿಕೆಯೂ ಮಹಾರುದ್ರಪ್ಪನಿಗೆ ರುಚಿಸುತ್ತಿತ್ತು.

ಈ ನಾಗನಾಥನಿಗೆ ಹುಮನಾಬಾದದಲ್ಲಿ ಬೀಜ-ಗೊಬ್ಬರದ ಅಂಗಡಿ. ಒಂದು ಸ್ಕೂಟರು ಬೇರೆ. ಮಾತಾಡುವಾಗ ಎದುರಿಗಿದ್ದವರ ತೊಡೆ ತಟ್ಟಿ ನಗಿಸುವ ಅಭ್ಯಾಸ. ಷಡ್ಡಕನಾದವನಿಗೆ ಇವು ಮೂರೂ ಇರಬಾರದು ಎಂದು ಮಹಾರುದ್ರಪ್ಪನ ಖಚಿತ ಅಭಿಪ್ರಾಯ. ಆದರೂ ತುಪ್ಪ ತನ್ನ ಕಡೆ ಇರುವವರೆಗೆ ಸ್ಕೂಟರನ್ನು ಕ್ಷಮಿಸಬಹುದೆಂದು ಅವನು ದೊಡ್ಡ ಮನಸ್ಸು ಮಾಡಿದ್ದ.

ಇಂದಿರಾ ಗಾಂಧಿಯವರು ಪ್ರಧಾನಿಯಾಗಿದ್ದ ಕಾಲದ ಒಂದು ದೀಪಾವಳಿ. ಅಳಿಯಂದಿರಿಬ್ಬರೂ ಊಟಕ್ಕೆ ಕೂತಿದ್ದಾರೆ. ಎದುರಿಗೆ ಮಾವ ಬಸವಣಪ್ಪ ಕೆನ್ನೆಗೆ ಕೈಕೊಟ್ಟುಕೊಂಡು, ದವಡೆಯಲ್ಲಿ ಲವಂಗ ಒತ್ತಿಕೊಂಡು ಕೂತಿದ್ದಾರೆ. ಅವರ ಬಲದವಡೆಯ ಹಲ್ಲೊಂದು ಬಹಳ ದಿನಗಳಿಂದ ಮನೆಮಂದಿಯನ್ನೆಲ್ಲ ಆಳುತ್ತಿತ್ತು. ಅದು ನೋಯತೊಡಗಿದ ಮೇಲೆ ಅವರು ಯಾರ ಮಾತಿಗೂ "ಹೂಂ" ಎಂಬುದಕ್ಕಿಂತ ಹೆಚ್ಚು ಉತ್ತರ ಕೊಟ್ಟಿರಲಿಲ್ಲ. ಕೀಳಿಸಲು ಧೈರ್ಯವಿಲ್ಲ, ಇಟ್ಟುಕೊಳ್ಳಲು ತಾಳ್ಮೆಯಿಲ್ಲ. ಅಂಥವರ ಮುಂದೆ ನಾಗನಾಥ ಬಾಯಿಬಿಟ್ಟ.

"ಮಾವಾರ, ನಮ್ಮ ಹುಮನಾಬಾದದಾಗ ಶೆಜ್ವಾನ್ ಖಾನಾವಳಿ ಅಂತ ಆಗ್ಯದ್ರಿ. ಚೀನಾ ದೇಶದ ಊಟ."

"ಚೀನಾದವ್ರು ನಮ್ಮ ಜೋಡಿ ಲಡಾಯಿ ಮಾಡ್ಯಾರ. ಅವ್ರ ಊಟ ನಮಗ್ಯಾಕ?" ಎಂದರು ಬಸವಣಪ್ಪ. ಅವರ ಮಟ್ಟಿಗೆ ಅದು ಆ ತಿಂಗಳ ಅತಿ ಉದ್ದದ ಮಾತು.

"ಮಾಡಾಂವ ನಮ್ಮಾಂವೇ ಅದಾನ್ರಿ. ಕಾಶೀರಾಮ ಅಂತ. ಮುಂಬೈದಾಗ ಚೀನಿ ಮನಷ್ಯಾನ ಹೋಟೆಲಿನ್ಯಾಗ ಒಲಿ ಮುಂದ ನಿಂತು ಕಲ್ತು ಬಂದಾನ. ಪೂರಾ ಶಾಕಾಹಾರಿ. ಅಗ್ಗ ಅಂದ್ರ ಅಗ್ಗ, ಹಮಾಲ ಮಂದೀನೂ ತಿಂದು ಹೋಗ್ತಾರ. ಅದರಾಗ ಒಂದು ಕಾಳು ಹಾಕ್ತಾನ್ರಿ ಅಂವ, ಆಹಾ! ನಾಲಿಗಿ ಮ್ಯಾಲ ಬಿತ್ತಂದ್ರ ರೇಡಿಯೋದ ಸೆಲ್ಲಿಗೆ ನಾಲಿಗಿ ಹಚ್ಚಿದ್ಹಂಗ ಝುಂ ಅಂತದ. ಆಮ್ಯಾಲ ಬಾಯಿ ನಮ್ದೋ ಮಂದೀದೋ ತಿಳಿಯಂಗಿಲ್ಲ. ನಾ ಅವತ್ತು ತಿಂದು ಹೊರಗ ಬಂದಾವ, ತುಟಿ ಅದಾವೋ ಇಲ್ಲೋ ಅಂತ ಸ್ಕೂಟರಿನ ಕನ್ನಡ್ಯಾಗ ನೋಡ್ಕೊಂಡೆ!"

ಮನೆಯೆಲ್ಲ ನಕ್ಕಿತು. ಬಸವಣಪ್ಪ ಕೆನ್ನೆಯಿಂದ ಕೈ ತೆಗೆದರು. ಅದೇ ಹೊತ್ತಿಗೆ ಮಿಳ್ಳೆ ಹಿಡಿದು ಬಂದ ಸುಂದರಬಾಯಿ, "ಅಯ್ಯ, ಮುಂದೇನಾತ್ರಿ ಅಳ್ಯಾರ? ಇದ್ವಾ ತುಟಿ?" ಎನ್ನುತ್ತ ಮೈಮರೆತು ಮೊದಲ ತುಪ್ಪವನ್ನು ನಾಗನಾಥನ ಹೋಳಿಗೆಯ ಮೇಲೆ ಸುರಿದುಬಿಟ್ಟಳು. ಸುರಿದಳೆಂದರೆ ಸುರಿದಳು, ತುಪ್ಪ ತಾಟಿನ ಅಂಚಿಗೆ ಹರಿಯಿತು.

"ಸಾಕ್ರಿ ಅತ್ತಿ" ಅನ್ನಲು ಆಗಲೇ ಎತ್ತಿ ಹಿಡಿದಿದ್ದ ಮಹಾರುದ್ರಪ್ಪನ ಎರಡು ಕೈಗಳು ಗಾಳಿಯಲ್ಲೇ ನಿಂತವು. ಅವುಗಳನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಎರಡೂ ಕಿವಿ ತುರಿಸಿಕೊಂಡ. ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು. ಆ ಉರಿಯಲ್ಲೇ ಬಾಯಿಂದ ಮಾತು ಜಾರಿತು.

"ಅದೇನ ದೊಡ್ಡ ಮಾತು? ನಾ ಭಾಂಡೆ ತರಾಕ ಹೈದ್ರಾಬಾದಕ ಹೋದಾಗೆಲ್ಲ ಅದನ್ನೇ ತಿಂತೀನಿ."

ಭಜಿಯ ಬುಟ್ಟಿ ಹಿಡಿದು ಬರುತ್ತಿದ್ದ ಅವನ ಹೆಂಡತಿ ಕಸ್ತೂರಿಬಾಯಿ ಅಲ್ಲೇ ನಿಂತಳು. "ಮತ್ತ ನಾ ಕಟ್ಟಿಕೊಡೂ ಜ್ವಾಳದ ರೊಟ್ಟಿ ಯಾರು ತಿಂತಾರ್ರಿ?"

"ಅವು ಬ್ಯಾರೆ, ಇದು ಬ್ಯಾರೆ. ನೀ ಭಜಿ ಹಾಕು."

ನಾಗನಾಥನ ಮುಖ ಒಂದು ಕ್ಷಣ ಸಣ್ಣದಾಯಿತು. ಅದನ್ನು ಕಂಡು ಮಹಾರುದ್ರಪ್ಪನಿಗೆ ತುಪ್ಪ ಇಲ್ಲದಿದ್ದರೂ ಹೋಳಿಗೆ ಸಿಹಿಯಾಯಿತು. ಆದರೆ ನಾಗನಾಥ ಕೂಡಲೇ ಚೇತರಿಸಿಕೊಂಡು ಅವನ ತೊಡೆ ತಟ್ಟಿದ.

"ಹಂಗಾದ್ರ ಬಾಳ ಚಲೋ ಆತು ಅಣ್ಣಾ! ಮಾವಾರು ಹೆಂಗೂ ಹಲ್ಲು ಕೀಳಸಾಕ ಹುಮನಾಬಾದಕ ಬರಾವ್ರು. ಅವತ್ತ ಎಲ್ಲಾರೂ ಅಲ್ಲೇ ಉಣ್ಣೂಣು. ಅದನ್ನ ಹ್ಯಾಂಗ ತಿನ್ನೂದು ಅಂತ ನೀವೇ ಮುಂದ ನಿಂತು ತೋರಸ್ರಿ."

"ಆಗ್ಲಿ," ಎಂದರು ಬಸವಣಪ್ಪ. "ಹಲ್ಲು ಹೋಗೂಕಿಂತ ಮೊದಲ ಒಂದು ಊಟ ಆಗ್ಲಿ. ಹಿರಿ ಅಳ್ಯಾರು ತೋರಸ್ತಾರ."

ಹೀಗೆ ಮಹಾರುದ್ರಪ್ಪ ತಾನು ಕಣ್ಣಿಂದಲೂ ಕಂಡಿರದ ಊಟಕ್ಕೆ ಗುರುವಾಗಿ ನೇಮಕಗೊಂಡ.

ಬಸವಕಲ್ಯಾಣಕ್ಕೆ ಮರಳಿದ ಮೇಲೆ ಕಸ್ತೂರಿಬಾಯಿ ಹುಮನಾಬಾದದ ಸುದ್ದಿಯನ್ನು ಕೆಳಗಿಡಲೇ ಇಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ "ರೇಡಿಯೋದ ಸೆಲ್ಲಿಗೆ ನಾಲಿಗಿ ಹಚ್ಚಿದ್ಹಂಗ ಅಂತ" ಎಂದು ತನ್ನಷ್ಟಕ್ಕೆ ನಗುವಳು. ಹಾಸಿಗೆ ಹಾಸುವಾಗ "ನಾಗನಾಥ ಎಷ್ಟ ಚಂದ ಹೇಳ್ತಾನ್ರೀ" ಅನ್ನುವಳು. ಮಹಾರುದ್ರಪ್ಪನೂ ಒಮ್ಮೆ ಹೈದರಾಬಾದಿನ ಊಟ ವರ್ಣಿಸಲು ಕೂತ. "ಬಿಸಿ ಇರ್ತದ" ಎಂದ. "ಮತ್ತ?" ಎಂದಳು ಅವಳು. "ಮತ್ತ... ಚಲೋ ಇರ್ತದ" ಎಂದ. ಅವಳು ಎದ್ದು ಬಾಗಿಲ ಅಗಳಿ ಹಾಕಿದಳು.

ಹೀಗಾದರೆ ನಡೆಯದೆಂದು ಅವನು ಹೈಸ್ಕೂಲಿನ ಭೂಗೋಳದ ಮಾಸ್ತರರನ್ನು ಹಿಡಿದ. ಚಹಾ ಕುಡಿಸಿ, ಯಾರೋ ಗಿರಾಕಿ ಕೇಳಿದರೆಂದು ಸುತ್ತುಬಳಸಿ ವಿಚಾರಿಸಿದ. ಚೀನಾದವರು ಎರಡು ಕಡ್ಡಿಗಳನ್ನು ಒಂದೇ ಕೈಯಲ್ಲಿ ಹಿಡಿದು ಉಣ್ಣುತ್ತಾರೆ ಎಂದು ಮಾಸ್ತರರು ಹೇಳಿದರು. ಮಹಾರುದ್ರಪ್ಪನ ಮುಖ ಅರಳಿತು. ನಾಗನಾಥ ಅಷ್ಟೆಲ್ಲ ಮಾತಾಡಿದ್ದ, ಕಡ್ಡಿಯ ಸುದ್ದಿ ಎತ್ತಿರಲಿಲ್ಲ! ಕಡ್ಡಿ ಹಿಡಿದು ಉಂಡು ತೋರಿಸಿದರೆ ಸ್ಕೂಟರಿನವನ ಬಾಯಿ ಶಾಶ್ವತವಾಗಿ ಮುಚ್ಚುತ್ತದೆ. ಬಡಿಗೇರನಲ್ಲಿಗೆ ಹೋಗಿ ಬಿದಿರಿನ ಎರಡು ಕಡ್ಡಿ ನುಣುಪು ಮಾಡಿಸಿ ತಂದ. ಅಂಗಡಿಯಲ್ಲಿ ಹಂಡೆಗಳ ಸಾಲಿನ ಹಿಂದೆ, ಯಾರಿಗೂ ಕಾಣದಂತೆ, ಒಂದು ತಾಟು ಚುರುಮುರಿ ಇಟ್ಟುಕೊಂಡು ಅಭ್ಯಾಸಕ್ಕೆ ಕೂತ.

ಕಡ್ಡಿಗಳು ಒಂದನ್ನೊಂದು ಕಂಡರಾಗದವರಂತೆ ವರ್ತಿಸಿದವು. ಒಂದು ಪೂರ್ವಕ್ಕೆ ಹೋದರೆ ಇನ್ನೊಂದು ಪಶ್ಚಿಮಕ್ಕೆ. ಬೆರಳುಗಳು ಸೊಟ್ಟಗಾದವು, ಮೊಣಕೈ ನಡುಗಿತು, ಚುರುಮುರಿ ಗದ್ದದವರೆಗೆ ಬಂದು ಮಡಿಲಿಗೆ ಉದುರಿತು. ಮಹಾರುದ್ರಪ್ಪ ಛಲ ಬಿಡಲಿಲ್ಲ. ಕೊನೆಗೊಮ್ಮೆ ಕಡ್ಡಿ ನೆಲಕ್ಕೆ ಬಿತ್ತು. ಬೆರಳು ಮಾತ್ರ ಅದೇ ಆಕಾರದಲ್ಲಿ ನಿಂತು ನಡುಗುತ್ತಿದ್ದವು. ಆ ಗಳಿಗೆಯಲ್ಲೇ ಹಳೆ ಚರಿಗೆ ಕೊಟ್ಟು ಹೊಸದು ಒಯ್ಯಲು ಬಂದ ನೆರೆಮನೆಯ ಸಖುಬಾಯಿ ಹಂಡೆಗಳ ಸಂದಿನಿಂದ ಹಣಕಿ ನೋಡಿದಳು. ಸೊಟ್ಟ ಕೈ, ನಡುಕ, ಮೈತುಂಬ ಚುರುಮುರಿ. ಅವಳು ಚರಿಗೆ ಅಲ್ಲೇ ಬಿಟ್ಟು ಓಡಿದಳು.

ಪೇಟೆಗೆ ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಭಾಂಡೆ ಅಂಗಡಿ ಸಾವಕಾರರ ಕೈಗೆ ಲಕ್ವಾ ಹೊಡೆದಿದೆ, ತುತ್ತು ಬಾಯಿಗೆ ಹೋಗುತ್ತಿಲ್ಲ!

ಸಂಜೆ ಅಂಗಡಿಯ ಮುಂದೆ ಮಂದಿ ನೆರೆದರು. "ಮನಿಶ್ಯಾ ಎಷ್ಟ ಚಲೋ ಇದ್ರು" ಎಂದು ಒಬ್ಬರು ಹೋದವರ ಸುದ್ದಿ ಹೇಳುವಂತೆ ನಿಟ್ಟುಸಿರಿಟ್ಟರು. ಇನ್ನೊಬ್ಬರು ಈ ಅಂಗಡಿ ಮುಂದೆ ಯಾರು ನೋಡಿಕೊಳ್ಳುತ್ತಾರೆಂದು ಕಸ್ತೂರಿಬಾಯಿಯನ್ನು ಮೆಲ್ಲಗೆ ಕೇಳಿದರು. ಸಖುಬಾಯಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ತಂದಳು.

"ಖರೇ ಹೇಳ್ರಿ ಸಾವಕಾರ್ರ, ಕೈಯಾಗ ಜೀವ ಅದನೋ ಇಲ್ಲೋ?"

ನಿಜ ಹೇಳಿದರೆ ಕಡ್ಡಿಯ ಸುದ್ದಿ ಹೇಳಬೇಕು. ಕಡ್ಡಿಯ ಸುದ್ದಿ ಹೇಳಿದರೆ ಹೈದರಾಬಾದಿನ ಸುಳ್ಳು ಹೊರಬೀಳುತ್ತದೆ. ಮಹಾರುದ್ರಪ್ಪ ಎರಡನ್ನೂ ತೂಗಿ ನೋಡಿ ಲಕ್ವಾ ಆರಿಸಿಕೊಂಡ.

"ಜರಾ ಜೋಮು ಹಿಡದಂಗ ಅದ" ಎಂದ.

ಸಖುಬಾಯಿ ಕೈಗೆ ಎಣ್ಣೆ ತಿಕ್ಕಿ ಉದ್ದನೆಯ ಬಟ್ಟೆ ಸುತ್ತಿದಳು. ಬಿಚ್ಚಿದರೆ ಮತ್ತೆ ಬಂದು ಸುತ್ತಿದಳು. ಹುಮನಾಬಾದಕ್ಕೆ ಹೊರಟ ದಿನವೂ ಬೆಳ್ಳುಳ್ಳಿ ನಾರುವ ಬಟ್ಟೆಯೊಳಗೇ ಅವನ ಬಲಗೈ ಇತ್ತು. ಬಸ್ಸಿನಲ್ಲಿ ಕಸ್ತೂರಿಬಾಯಿಯೂ ಎದ್ದು ಹೆಂಗಸರ ಸೀಟಿಗೆ ಹೋದಳು, ಅವನ ಪಕ್ಕದ ಜಾಗ ಕಡೆಯವರೆಗೂ ಖಾಲಿ ಉಳಿಯಿತು.

ಹುಮನಾಬಾದದ ಬಸ್‌ಸ್ಟ್ಯಾಂಡಿನಲ್ಲಿ ನಾಗನಾಥ ಸ್ಕೂಟರಿಗೆ ಒರಗಿ ನಿಂತಿದ್ದ. ಇವರನ್ನು ಕಂಡೊಡನೆ ಓಡಿ ಬಂದು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅಣ್ಣಾ, ಲಕ್ವಾ ಹೊಡದದಂತ? ಏನೂ ಹೆದರಬ್ಯಾಡ್ರಿ. ಬೇಕಾದ್ರ ನಾನೇ ನಿಮಗ ತುತ್ತು ಮಾಡಿ ಉಣಸ್ತೀನಿ."

ಆಗಲೇ ಗಂಡನ ಜೊತೆ ಹಳ್ಳಿಖೇಡದಿಂದ ಬಂದು ಪಕ್ಕದಲ್ಲಿ ನಿಂತಿದ್ದ ಸುಂದರಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡ್ರಿ, ಎಂಥಾ ದೊಡ್ಡ ಮನಸು ಸಣ್ಣ ಅಳ್ಯಾಂದು" ಎಂದಳು. ತನ್ನ ಲಕ್ವಾದಲ್ಲೂ ಹೆಸರು ಇವನೇ ಹೊಡೆದನಲ್ಲ ಎಂದು ಮಹಾರುದ್ರಪ್ಪ ಕೈ ಎಳೆದುಕೊಂಡ.

ಖಾನಾವಳಿ ಹೈವೇ ಪಕ್ಕದಲ್ಲಿತ್ತು. ಮೇಲೆ ತಗಡು, ಕೆಳಗೆ ಶಹಾಬಾದಿ ಫರ್ಶಿಕಲ್ಲು, ನಡುವೆ ಕೆಲವು ಕಟ್ಟಿಗೆಯ ಬೆಂಚು. "ಶೆಜ್ವಾನ್ ಖಾನಾವಳಿ, ಶುದ್ಧ ಶಾಕಾಹಾರಿ, ಅಗ್ಗದ ದರ" ಎಂದು ಕೆಂಪು ಬಣ್ಣದ ಬೋರ್ಡು. ಒಳಗೆ ಲಾರಿ ಕ್ಲೀನರುಗಳು ತಲೆಯೆತ್ತದೆ ತಿನ್ನುತ್ತಿದ್ದರು. ಒಲೆಯ ಮುಂದೆ ಬೆವರುತ್ತಿದ್ದ ಕಾಶೀರಾಮ ಇವರನ್ನು ಕಂಡು ಸೌಟು ಹಿಡಿದೇ ಬಾಗಿಲಿಗೆ ಬಂದ.

"ಬರ್ರಿ ಬರ್ರಿ ನಾಗನಾಥ ಸಾವಕಾರ್ರ! ಕಡೀಗೂ ಬಂದ್ರಿ ನೋಡ್ರಿ!"

ನಾಗನಾಥ ಜೋರಾಗಿ ಕೆಮ್ಮಿದ. "ಎರಡ ದಿನ ಬರ್ಲಿಲ್ಲಂದ್ರ ಹಿಂಗೇ ನೋಡ್ರಿ ಇಂವಂದು" ಎಂದು ಮಾವನ ಕಡೆ ತಿರುಗಿ ನಕ್ಕ. ಹೋಟೆಲಿನವನು ಹೆಸರು ಹಿಡಿದು ಕರೆಯುವಷ್ಟು ಸಲಿಗೆ! ಮಹಾರುದ್ರಪ್ಪ ಬಟ್ಟೆ ಸುತ್ತಿದ ಕೈಯೊಳಗೇ ಮುಷ್ಟಿ ಬಿಗಿದ.

ಮಾವ, ಅತ್ತೆ, ಹೆಣ್ಣುಮಕ್ಕಳಿಬ್ಬರು, ಅಳಿಯಂದಿರಿಬ್ಬರು ಒಂದೇ ಮೇಜಿಗೆ ಕೂತರು. ಕಾಶೀರಾಮ ಒಬ್ಬೊಬ್ಬರಿಗೊಂದು ಸ್ಟೀಲಿನ ತಾಟು ತಂದಿಟ್ಟು, ಒಲೆಯ ಮೇಲೆ ಬಾಣಲೆ ಹೊಗೆಯಾಡುತ್ತಿದ್ದುದರಿಂದ ಒಂದು ಮಾತೂ ಆಡದೆ ಹಿಂದಕ್ಕೆ ಓಡಿದ. ತಾಟಿನಲ್ಲಿ ಕೆಂಪಗೆ ಮಿರಿಮಿರಿ ಹೊಳೆಯುವ ಒಣಮೆಣಸಿನಕಾಯಿಯ ರಾಶಿ. ಸಂದಿನಲ್ಲಿ ಅಲ್ಲೊಂದು ಇಲ್ಲೊಂದು ಗೋಬಿಯ ತುಣುಕು ಹೆದರಿದ ಹಾಗೆ ಇಣುಕುತ್ತಿತ್ತು. ಮೇಲೆಲ್ಲ ಒಡೆದ ಕಂದು ಕಾಳು.

ಬಸವಣಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು ಎದೆಯ ಮೇಲಿನ ಲಿಂಗಕ್ಕೆ ಕೈಮುಗಿದರು. "ಹೂಂ, ಶುರು ಮಾಡ್ರಿ ಹಿರಿ ಅಳ್ಯಾರ."

ಮಹಾರುದ್ರಪ್ಪ ನಾಗನಾಥನ ಕಡೆ ನೋಡಿದ. ನಾಗನಾಥ ಮಹಾರುದ್ರಪ್ಪನ ಕಡೆ ನೋಡಿದ. ಇವನು ನನ್ನನ್ನು ಪರೀಕ್ಷಿಸುತ್ತಿದ್ದಾನೆ ಎಂದುಕೊಂಡ ಮಹಾರುದ್ರಪ್ಪ ಗಂಭೀರವಾಗಿ ಕೈಯ ಬಟ್ಟೆ ಬಿಚ್ಚಿದ, ಅದರೊಳಗಿಂದ ಎರಡು ಬಿದಿರಿನ ಕಡ್ಡಿ ತೆಗೆದ.

"ಅಯ್ಯ, ಲಕ್ವಾ?" ಎಂದಳು ಸುಂದರಬಾಯಿ.

"ಚೀನಾದಾಗ ಹಿಂಗೇ ಉಣ್ತಾರ್ರಿ ಅತ್ತಿ. ನಾಗನಾಥ ಹೇಳಿಲ್ಲೇನು?"

ನಾಗನಾಥ ಕಡ್ಡಿಗಳನ್ನು ಬಗ್ಗಿ ನೋಡಿದ. ಲಾರಿ ಕ್ಲೀನರುಗಳೂ ತಲೆಯೆತ್ತಿ ನೋಡಿದರು. ಮಹಾರುದ್ರಪ್ಪನ ಜನ್ಮದಲ್ಲೇ ಅದೊಂದು ಉತ್ತಮ ಗಳಿಗೆ. ಅವನು ಒಂದು ಗೋಬಿಯ ತುಣುಕಿಗೆ ಕಡ್ಡಿ ಒತ್ತಿದ. ಅದು ಚಿಮ್ಮಿ ಹೋಗಿ ಅತ್ತೆಯ ನೀರಿನ ಲೋಟದಲ್ಲಿ ಬಿತ್ತು. ಇನ್ನೊಂದಕ್ಕೆ ಒತ್ತಿದ, ಅದು ಮೇಜಿನ ಕೆಳಗೆ ಹೋಯಿತು. ಮೆಣಸಿನಕಾಯಿ ಮಾತ್ರ ಉದ್ದಕ್ಕೆ, ಸುಕ್ಕಾಗಿ, ಕಡ್ಡಿಗೆ ಹೇಳಿ ಮಾಡಿಸಿದ ಹಾಗೆ ಸಿಕ್ಕಿಕೊಂಡಿತು. ನೋಡಿದರೆ ಮನೆಯಲ್ಲಿ ಮಜ್ಜಿಗೆಯಲ್ಲಿ ನೆನೆಸಿ, ಒಣಗಿಸಿ, ಎಣ್ಣೆಯಲ್ಲಿ ಕರಿದು ಅನ್ನದ ಜೊತೆ ಕರುಂಕುರುಂ ಕಡಿಯುವ ಬಾಳಕದ ಮೆಣಸಿನಕಾಯಿಯದೇ ಸುಕ್ಕು, ಅದೇ ಹೊಳಪು. ಓಹೋ, ಮುಖ್ಯ ಪದಾರ್ಥ ಇದೇ, ಗೋಬಿ ನೆಂಚಿಕೊಳ್ಳಲು ಎಂದು ಅವನಿಗೆ ಹೊಳೆಯಿತು. ಇಡೀ ಕಾಯಿ ಬಾಯಿಗೆ ಹಾಕಿ ಕರುಂ ಎನಿಸಿದ. ಏನೂ ಆಗಲಿಲ್ಲ. ಧೈರ್ಯ ಬಂದು ಇನ್ನೊಂದು ಹಾಕಿದ.

"ಹೌದ ನೋಡ್ರಿ, ಹಿಂಗೇ ತಿನ್ನೂದು" ಎಂದು ನಾಗನಾಥನೂ ಅವಸರವಾಗಿ ಒಂದು ಕಾಯಿ ಬಾಯಿಗೆ ಹಾಕಿಕೊಂಡ. ಅದನ್ನು ನೋಡಿ ಉಳಿದವರೂ ಹಾಕಿಕೊಂಡರು.

ಆಮೇಲೆ ಅದು ಹತ್ತಿತು. ಮೊದಲು ನಾಲಿಗೆ, ಆಮೇಲೆ ಗಂಟಲು, ಆಮೇಲೆ ಕಿವಿಯ ತುದಿ. ಮಹಾರುದ್ರಪ್ಪನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

"ಹ್ಯಾಂಗ ಅದ ಅಳ್ಯಾರ?" ಎಂದರು ಬಸವಣಪ್ಪ, ಮೆಲ್ಲಗೆ ಎಡದವಡೆಯಲ್ಲಿ ಅಗಿಯುತ್ತ.

"ಬಾಳ... ಸೌಮ್ಯ ಅದ್ರಿ."

"ಮತ್ತ ಕಣ್ಣಾಗ ನೀರು?"

"ಸಂತೋಷಕ್ಕ ಬಂದಾವ್ರಿ."

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮಹಾರುದ್ರಪ್ಪ ಉಳಿದದ್ದನ್ನು ಮೆಲ್ಲಗೆ ಕಡ್ಡಿಯಿಂದ ತಾಟಿನ ಅಂಚಿಗೆ ದೂಡತೊಡಗಿದ್ದ. ಆಗ ಓರೆಗಣ್ಣಿಗೆ ಪಕ್ಕದ ತಾಟು ಕಂಡಿತು. ನಾಗನಾಥನೂ ದೂಡುತ್ತಿದ್ದ! ಬಸವಣಪ್ಪನವರ ಮನೆತನದಲ್ಲಿ ತಾಟಿನ ಅನ್ನವೆಂದರೆ ಪ್ರಸಾದ. ಒಂದು ಅಗುಳೂ ಬಿಡುವ ಹಾಗಿಲ್ಲ, ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿಯಬೇಕು. ಅಳಿಯಂದಿರು ಅದನ್ನು ಪಾಲಿಸುತ್ತಾರೋ ಇಲ್ಲವೋ ಎಂದು ಮಾವನ ಕಣ್ಣು ಯಾವಾಗಲೂ ತಾಟಿನ ಮೇಲಿರುತ್ತಿತ್ತು. ಇಂಥ ಅವಕಾಶ ಮತ್ತೆ ಬರುತ್ತದೆಯೇ? ತನ್ನ ತಾಟಿನ ನೆನಪು ಮಹಾರುದ್ರಪ್ಪನಿಗೆ ಆ ಕ್ಷಣಕ್ಕೆ ಬರಲಿಲ್ಲ.

"ಮಾವಾರ, ನಾಗನಾಥ ತಾಟಿನ್ಯಾಗ ಬಿಡಾಕತ್ತಾನ್ರಿ!"

ಬಸವಣಪ್ಪ ಅಗಿಯುವುದನ್ನು ನಿಲ್ಲಿಸಿದರು. "ಪ್ರಸಾದ ಬಿಡ್ತೀರೇನ್ರಿ ನಾಗನಾಥ?"

"ಇಲ್ರಿ ಮಾವಾರ! ಕಡೀಕ ರುಚಿ ಹಿಡದು ತಿನ್ನೂಣಂತ ಇಟ್ಟಿದ್ದೆ" ಎಂದ ನಾಗನಾಥ, ಮುಷ್ಟಿ ತುಂಬ ಎತ್ತಿ ಬಾಯಿಗೆ ಹಾಕಿಕೊಂಡು. ನುಂಗಿದ ಮೇಲೆ ಉಸಿರು ತೆಗೆದು ಹೇಳಿದ: "ಅಣ್ಣಾರ ತಾಟೂ ನೋಡ್ರಿ ಮಾವಾರ."

ಮಾವ ನೋಡಿದರು. ಇನ್ನು ಉಳಿದದ್ದು ಧರ್ಮದ ದಾರಿ ಒಂದೇ. ಆ ಮೇಜಿನ ಮೇಲೆ ಆಮೇಲೆ ನಡೆದದ್ದನ್ನು ಊಟ ಎಂದು ಕರೆಯುವುದು ಕಷ್ಟ. ಒಬ್ಬ ಒಂದು ತಿಂದರೆ ಇನ್ನೊಬ್ಬ ಎರಡು ತಿಂದ. ಇಬ್ಬರ ಕಣ್ಣೂ ಒಬ್ಬರ ತಾಟಿನ ಮೇಲೊಬ್ಬರದು. ಕಾಯಿ ಮುಗಿಯಿತು, ಕಾಳು ಮುಗಿಯಿತು. ಕೊನೆಗೆ ಎಲ್ಲರೂ ತಾಟಿಗೆ ನೀರು ಹಾಕಿ, ಕೆಂಪೆಣ್ಣೆಯನ್ನೆಲ್ಲ ಬೆರಳಿಂದ ಬಳಿದು, ಎತ್ತಿ ಗಟಗಟ ಕುಡಿದರು. ನೀರು ಕುಡಿದ ಕೂಡಲೇ ನಾಗನಾಥ ಹೇಳಿದ್ದ ಝುಂ ಬಂತು. ತುಟಿ ಹೋಯಿತು, ನಾಲಿಗೆ ಹೋಯಿತು, ಗದ್ದ ಇದೆಯೋ ಇಲ್ಲವೋ ತಿಳಿಯದಾಯಿತು.

ಗೋಬಿಗೆ ಜೊತೆಯಾಗಿ ಅನ್ನ ಹಿಡಿದು ಬಂದ ಕಾಶೀರಾಮ ಹೊಳೆಯುವ ಖಾಲಿ ತಾಟುಗಳನ್ನು ಕಂಡು ಅಲ್ಲೇ ನಿಂತ.

"ಯಪ್ಪಾ! ಮೆಣಸಿನಕಾಯಿ ಎಲ್ಲಿ ಹ್ವಾದ್ವು? ಅವು ತಿನ್ನಾವಲ್ರೀ! ಘಮಕ್ಕ ಹಾಕಿರ್ತೀವಿ! ಗೋಬಿ ಅಷ್ಟ ಆರಿಸಿ ತಿಂದು ಅವನ್ನ ಬಿಡೂದ್ರೀ!"

ಉತ್ತರ ಕೊಡಲು ಬಾಯಿ ಅವರವರ ವಶದಲ್ಲಿರಲಿಲ್ಲ. ಇಡೀ ಕುಟುಂಬ ಬಾಯಿ ತೆರೆದು, ಕಣ್ಣೀರು ಸುರಿಸುತ್ತ, ಮಾತಿಲ್ಲದೆ ಕೂತಿತ್ತು. ಕ್ಲೀನರುಗಳು ಹೊರಗೆ ಓಡಿ ಕೂಗು ಹಾಕಿದರು. ಬಸ್‌ಸ್ಟ್ಯಾಂಡಿನ ಮಂದಿ ಬಸ್ಸು ಬಿಟ್ಟು ಬಂದರು. ಗುಂಪಿನ ನಡುವಿನಿಂದ ದಾರಿ ಮಾಡಿಕೊಂಡು ಪುರಸಭೆಯ ಆರೋಗ್ಯ ಇನ್ಸ್‌ಪೆಕ್ಟರ್ ದೇವಿಂದ್ರಪ್ಪನವರು ಬಂದರು.

"ಏನ್ ಹಾಕಿದಿ ಇವ್ರಿಗೆ?"

"ಗೋಬಿ ಹಾಕೀನ್ರಿ ಸಾಹೇಬ್ರ, ದೇವರಾಣಿ!"

ದೇವಿಂದ್ರಪ್ಪ ಮಹಾರುದ್ರಪ್ಪನ ಮುಖದ ಹತ್ತಿರ ಮುಖ ತಂದರು. "ನಿಮ್ಮ ಹೆಸರೇನ್ರಿ?"

"ಮ್ಫಾ... ಫು..." ಎಂದ ಮಹಾರುದ್ರಪ್ಪ.

"ಅಯ್ಯಯ್ಯೋ!" ಎಂದು ಗುಂಪಿನಲ್ಲಿದ್ದ ಬಸವಕ‍ಲ್ಯಾಣದವನೊಬ್ಬ ಕೂಗಿದ. "ಇವ್ರು ನಮ್ಮೂರ ಭಾಂಡೆ ಅಂಗಡಿ ಸಾವಕಾರ್ರು! ಕೈಗೆ ಲಕ್ವಾ ಹೊಡದಿತ್ತು, ಈಗ ಬಾಯಿಗೆ ಏರೇದ್ರಿ!"

"ಮತ್ತ ಉಳದವ್ರಿಗೆ?"

"ಮನಿಮಂದಿಗೆಲ್ಲ ಹತ್ತೇದ್ರಿ!"

ಗುಂಪು ಒಂದೇ ಸಲಕ್ಕೆ ಹಿಂದೆ ಸರಿಯಿತು. ದೇವಿಂದ್ರಪ್ಪ ಮೂಗಿಗೆ ಕರವಸ್ತ್ರ ಹಿಡಿದು, ಖಾನಾವಳಿಗೆ ಈಗಲೇ ಬೀಗ ಹಾಕಬೇಕೆಂದು ಸಾರಿದರು. ಕಾಶೀರಾಮ ಸೌಟು ಹಿಡಿದೇ ಕೈಮುಗಿದ.

ಆಗ ಬಸವಣಪ್ಪ ಎದ್ದು ನಿಂತರು. ಬಲಗೆನ್ನೆಯನ್ನು ಬೆರಳಿಂದ ಒತ್ತಿದರು. ಮತ್ತೆ ಒತ್ತಿದರು. ಬಾಯೊಳಗೆ ಬೆರಳು ಹಾಕಿ ಆ ಹಲ್ಲನ್ನೇ ಟಕಟಕ ಬಡಿದರು. ಮನೆಮಂದಿ ಬಹಳ ಕಾಲದಿಂದ ಕಾಣದಿದ್ದ ನಗೆಯೊಂದು ಅವರ ಮುಖದ ಮೇಲೆ ನಿಧಾನವಾಗಿ ಹರಡಿತು.

"ಹಳ್ಳು ಗಪ್ಪಾಗ್ಯದ!" ಎಂದರು ತೊದಲುತ್ತ. "ಹಳ್ಳು ಗಪ್ಪಾಗ್ಯದ್ಳೋ! ಕಾಶೀಳಾಮ, ಇನ್ನೊಂದು ತಾಟ ತಾ! ಈ ಸಾಹೇಬ್ಳಿಗೂ ಒಂದು ಕೊಡು!"

ಬೀಗದ ಮಾತು ಅಲ್ಲಿಗೇ ನಿಂತಿತು. ಹಲ್ಲು ಕೀಳುವ ಡಾಕ್ಟರು ಅಂದು ಕಾದು ಕಾದು ಮನೆಗೆ ಹೋದರು. ಬಸವಣಪ್ಪ ಕಾಶೀರಾಮನ ಹೆಗಲು ತಟ್ಟಿ, ಆ ಕಾಳಿನ ಪುಡಿಕೆಯನ್ನು ಜೇಬಿಗಿಟ್ಟುಕೊಂಡು, ಎಲ್ಲರಿಗೂ ಅವನ ಹೆಸರು ಹೇಳುತ್ತ ಊರಿಗೆ ಮರಳಿದರು. ಕಡ್ಡಿಯನ್ನು ಯಾರೂ ನೆನೆಸಲಿಲ್ಲ.

ಬಸವಕಲ್ಯಾಣದ ಬಸ್ಸಿನಲ್ಲಿ ಕಸ್ತೂರಿಬಾಯಿ ನಾಲಿಗೆ ತಿರುಗುವ ತನಕ ಕಾದು ಕೇಳಿದಳು. "ಹೈದ್ರಾಬಾದಕ ಹೋದಾಗೆಲ್ಲ ತಿಂತಿದ್ದಾವ್ರಿಗೆ ಇವತ್ಯಾಕ ಇಷ್ಟ ಕಣ್ಣೀರು?"

"ಅಲ್ಲೂ ಬರ್ತಿದ್ವು" ಎಂದ ಮಹಾರುದ್ರಪ್ಪ, ಕಿಟಕಿಯ ಕಡೆ ತಿರುಗಿ.

ಎಳ್ಳಮಾವಾಸ್ಯೆ ಬಂತು. ಬಸವಣಪ್ಪನವರ ಹೊಲದಲ್ಲಿ ಬೇವಿನ ಮರದ ಕೆಳಗೆ ಚಾಪೆ ಹಾಸಿ, ಸಜ್ಜೆಯ ರೊಟ್ಟಿ, ಭಜ್ಜಿಪಲ್ಯ, ಅಂಬಲಿ, ಶೇಂಗಾ ಹೋಳಿಗೆ ಎಲ್ಲ ಬಡಿಸಿದ್ದರು. ಮಹಾರುದ್ರಪ್ಪ ಬೆಳಗಿನಿಂದ ಒಂದೇ ಲೆಕ್ಕ ಹಾಕುತ್ತಿದ್ದ. ಮಾವನ ಹಲ್ಲು ಗಪ್ಪಾಗಲು ಕಾರಣ ಯಾರು? ಮೊದಲ ಕಾಯಿ ಕಡಿದವನು ಯಾರು? ಈ ಸಲ ಮಿಳ್ಳೆ ದಾರಿ ತಪ್ಪಲು ಸಾಧ್ಯವೇ ಇಲ್ಲ. ಅವನು ಕೈಗಳನ್ನು ಸಿದ್ಧವಾಗಿಟ್ಟುಕೊಂಡು ಕೂತ. ನಾಗನಾಥನೂ ಅದೇ ಲೆಕ್ಕ ಹಾಕಿದ್ದಿರಬೇಕು, ಅವನ ಕೈಗಳೂ ಸಿದ್ಧವಾಗಿದ್ದವು.

ಸುಂದರಬಾಯಿ ಮಿಳ್ಳೆ ಹಿಡಿದು ಬಂದಳು. ಇವರಿಬ್ಬರ ಮುಂದಿನಿಂದ ಹಾದು ಹೋದಳು. ಬಸವಣಪ್ಪನವರ ಬಲಕ್ಕೆ, ಕಸೂತಿಯ ಶಾಲು ಹೊದ್ದು ಸಂಕೋಚದಿಂದ ಮುದುಡಿ ಕೂತಿದ್ದ ಅತಿಥಿಯ ಹೋಳಿಗೆಯ ಮೇಲೆ ಮೊದಲ ಮಿಳ್ಳೆ ತುಪ್ಪ ಸುರಿದಳು.

"ಸಾಕ್ರಿ ಅವ್ವಾರ, ಸಾಕ್ರಿ" ಎಂದ ಕಾಶೀರಾಮ.

"ಉಣ್ಣು ಮಗನ. ನಮ್ಮ ಮನಿ ದೀಪಾ ಹಚ್ಚಿದಾವ ನೀನು" ಎಂದರು ಬಸವಣಪ್ಪ, ಬಲದವಡೆಯಲ್ಲಿ ಸಜ್ಜೆಯ ರೊಟ್ಟಿ ಅಗಿಯುತ್ತ.

ಎರಡು ಜೊತೆ ಕೈ ಗಾಳಿಯಲ್ಲಿ ನಿಂತವು. ಷಡ್ಡಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ವರ್ಷಗಳಲ್ಲಿ ಒಂದು ಸಲವೂ ಅವರಿಗೆ ಒಂದೇ ಕಡೆ ಹೊಟ್ಟೆ ಉರಿದಿರಲಿಲ್ಲ. ಮಹಾರುದ್ರಪ್ಪನಿಗೆ ನಾಗನಾಥನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು.

"ಹೋಟೆಲಿನಾಂವಗ ಶಾಲ ಬ್ಯಾರೆ" ಎಂದು ಪಿಸುಗುಟ್ಟಿದ.

"ಹೌದ ನೋಡ್ರಿ ಅಣ್ಣಾ." ನಾಗನಾಥ ಇನ್ನಷ್ಟು ಹತ್ತಿರ ಸರಿದ. "ಒಂದು ಖರೇ ಮಾತು ಹೇಳ್ಲ್ಯಾ? ಅವತ್ತಿನ ತನಕಾ ನಾ ಆ ಖಾನಾವಳ್ಯಾಗ ಕಾಲೇ ಇಟ್ಟಿರ್ಲಿಲ್ಲ. ಅಂವ ಕೊತ್ತಂಬರಿ ಬೀಜಕ್ಕ ನಮ್ಮ ಅಂಗಡಿಗೆ ಬಂದಾಗ ಹೇಳಿದ್ದನ್ನ ನಾ ತಿಂದೀನಂತ ಮಾವಾರ ಮುಂದ ಹೇಳಿದ್ದೆ. ನನಗ ಖಾರಂದ್ರ ಮೊದಲಿಂದೂ ಹೆದರಿಕಿ."

ಮಹಾರುದ್ರಪ್ಪನ ಎದೆ ಹಗುರಾಯಿತು. "ನಾನೂ ಹೈದ್ರಾಬಾದದಾಗ..."

"ಗೊತ್ತದ ಬಿಡ್ರಿ ಅಣ್ಣಾ. ಅವತ್ತೇ ಎಲ್ಲಾರಿಗೂ ಗೊತ್ತಾಗಿತ್ತು."

ಮಹಾರುದ್ರಪ್ಪ ತುತ್ತು ಕೆಳಗಿಟ್ಟ. "ಮತ್ತ ಆ ಸ್ಕೂಟರಿನ ಕನ್ನಡಿ? ತುಟಿ ನೋಡ್ಕೊಂಡೆ ಅಂದಿದ್ದು?"

"ಅದಾ? ಹೇಳ್ತ ಹೇಳ್ತ ಅಲ್ಲೇ ಹೊಳೀತು" ಎಂದು ನಾಗನಾಥ ಅವನ ತೊಡೆ ತಟ್ಟಿ ನಕ್ಕ.

ಸುಂದರಬಾಯಿ ಹಿಂದಿರುಗಿ ಬಂದು ಎರಡನೆಯ ಮಿಳ್ಳೆಯನ್ನು ಮಹಾರುದ್ರಪ್ಪನ ಹೋಳಿಗೆಯ ಮೇಲೆ ಸುರಿದಳು. ಪಕ್ಕದಲ್ಲಿ ನಾಗನಾಥ ತನ್ನ ಸರದಿಗೆ ಕಾಯುತ್ತಿದ್ದ. ಅದು ಮಹಾರುದ್ರಪ್ಪನ ಕಣ್ಣಿಗೆ ಬೀಳಲೇ ಇಲ್ಲ. ತಾನೂ ಒಂದು ಸುಳ್ಳು ಹೇಳಿದ್ದ, ಅದಕ್ಕೆ ಕಡ್ಡಿ ಮಾಡಿಸಿದ್ದ, ಲಕ್ವಾ ಹೊಡೆಸಿಕೊಂಡಿದ್ದ, ಆದರೂ ಯಾರೂ ನಂಬಿರಲಿಲ್ಲ. ಈ ಮಗ ಕೂತಲ್ಲೇ ಒಂದು ಕನ್ನಡಿ ಸೇರಿಸಿದ, ಲೋಕವೇ ನಂಬಿತು. ಅಂಥ ಸುಳ್ಳು ತನಗ್ಯಾಕೆ ಹೊಳೆಯಲಿಲ್ಲ?

ತುಪ್ಪ ತಾಟು ತುಂಬಿ ಚಾಪೆಗೆ ಹರಿಯಿತು. "ಸಾಕು ಅನ್ರಿ ಅಳ್ಯಾರ" ಎಂದಳು ಸುಂದರಬಾಯಿ.

"ಸ್ಕೂಟರಿನ ಕನ್ನಡಿ!" ಎಂದ ಮಹಾರುದ್ರಪ್ಪ.